ಕಾವು ಬೇಡುವ ಎಂಜಿನ್, ಕಾವಿಗೆ ಅಂಜುವ ಟಯರ್

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನೋಡಲು ಹೋದವರು ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಬೇಕು. ಬಣ್ಣ, ಸೀಟು, ಸನ್‌ರೂಫು ಎಲ್ಲ ಆಮೇಲೆ. ಬಾನೆಟ್ ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಯಾರೋ ಎಂಜಿನ್ ಓಡಿಸಿ ಇಟ್ಟಿದ್ದಾರೆ. ಅದರಲ್ಲಿ ಕಪಟವೇ ಇರಬೇಕೆಂದಿಲ್ಲ. ಆದರೆ ಡೀಸೆಲ್ ಎಂಜಿನ್ ತನ್ನ ಕಾಯಿಲೆಗಳನ್ನು ಬಾಯಿಬಿಡುವುದು ರಾತ್ರಿಯೆಲ್ಲ ತಣ್ಣಗೆ ನಿಂತು ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಆಗುವ ಆ ಕೆಲವೇ ಸೆಕೆಂಡುಗಳಲ್ಲಿ. ಗ್ಲೋ ಪ್ಲಗ್ ಸತ್ತಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ, ಟೈಮಿಂಗ್ ಚೈನ್ ಸಡಿಲವಾಗಿದ್ದರೆ ಎಲ್ಲವೂ ಆಗಲೇ ಬಯಲಾಗುತ್ತದೆ. ಬಿಸಿಯಾದ ಮೇಲೆ ಎಲ್ಲ ಡೀಸೆಲ್ ಎಂಜಿನ್ನುಗಳೂ ಸಭ್ಯಸ್ಥರೇ. ಹಾಗಾಗಿ ಫೋನಿನಲ್ಲೇ ಹೇಳಿಬಿಡಬೇಕು: ನಾವು ಬರುವವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ.

ಈ ಅಧ್ಯಾಯಕ್ಕೆ ನಾನು ಆರಿಸಿಕೊಂಡಿರುವ ಕಾರು ಬಿಎಂಡಬ್ಲ್ಯು 320ಡಿ. 2007ರಲ್ಲಿ ಚೆನ್ನೈ ಬಳಿ ಆ ಕಂಪನಿಯ ಜೋಡಣಾ ಘಟಕ ಶುರುವಾದಂದಿನಿಂದ ನಮ್ಮ ರಸ್ತೆಗಳಿಗೆ ಇಳಿಯುತ್ತ ಬಂದ ಸ್ಪೋರ್ಟ್ಸ್ ಸೆಡಾನ್ ಇದು. ಎರಡು ಲೀಟರಿನ ಡೀಸೆಲ್ ಎಂಜಿನ್ ಮುಂದೆ, ಎಳೆಯುವ ಚಕ್ರಗಳು ಹಿಂದೆ. ‘ಎಫ್30’ ಎಂಬ ಒಳಹೆಸರಿನ, 2012ರಿಂದ ಮಾರಾಟವಾದ ಪೀಳಿಗೆ ಬೆಂಗಳೂರಿನ ಹಳೆ ಕಾರಿನ ಮಳಿಗೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹೊಸದೊಂದು ಮಧ್ಯಮ ಗಾತ್ರದ ಎಸ್‌ಯುವಿಗೆ ಕೊಡುವ ದುಡ್ಡಿನಲ್ಲಿ ಬರುತ್ತದೆ ಎಂಬುದೇ ಅದರ ಆಕರ್ಷಣೆ. ಕಾರಿನ ಬೆಲೆಗೆ ಮುಪ್ಪು ಬರುತ್ತದೆ, ಬಿಡಿಭಾಗಗಳ ಬೆಲೆಗೆ ಬರುವುದಿಲ್ಲ ಎಂಬುದು ಮೊದಲ ದೊಡ್ಡ ಬಿಲ್ಲು ಕೈಗೆ ಬಂದಾಗ ತಿಳಿಯುತ್ತದೆ.

ಇಂಥ ಕಾರನ್ನು ಸಾಕುವುದು ಹೇಗೆ ಎಂದು ಕೇಳಿದರೆ ಗ್ಯಾರೇಜಿಗೊಂದು ಪಟ್ಟಿ ಸಿಗುತ್ತದೆ. ಆ ಪಟ್ಟಿಗಳೆಲ್ಲದರ ಹಿಂದೆ ಇರುವುದು ಒಂದೇ ಲೆಕ್ಕ: ಶಾಖ ಎಲ್ಲಿ ಬೇಕು, ಎಲ್ಲಿ ಬೇಡ. ಡೀಸೆಲ್ ಎಂಜಿನ್ ಚೆನ್ನಾಗಿ ಕಾಯದೆ ಇದ್ದರೆ ಮಸಿ ಕಟ್ಟಿ ಸಾಯುತ್ತದೆ, ಟಯರ್ ಅತಿಯಾಗಿ ಕಾದರೆ ಸಾಯುತ್ತದೆ. ನಮ್ಮ ರಸ್ತೆಗಳು ಇದನ್ನು ಅಚ್ಚುಕಟ್ಟಾಗಿ ತಿರುವುಮುರುವು ಮಾಡಿ ಬಡಿಸುತ್ತವೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ಎಂಜಿನ್ ಬೇಕಾದಷ್ಟು ಕಾಯುವುದಿಲ್ಲ. ಬೇಸಿಗೆಯ ಹೆದ್ದಾರಿಯಲ್ಲಿ ಟಯರ್ ಬೇಡದಷ್ಟು ಕಾಯುತ್ತದೆ.

ಡೀಸೆಲ್ ಎಂಜಿನ್ನಿಗೆ ಕಾವಿನ ಕೊರತೆ ಎಂದರೆ ವಿಚಿತ್ರವಾಗಿ ಕೇಳಿಸಬಹುದು, ಏಕೆಂದರೆ ಅದು ಉರಿಯುವುದೇ ಬರಿಯ ಕಾವಿನಿಂದ. ಪೆಟ್ರೋಲ್ ಎಂಜಿನ್ನಿನಲ್ಲಿರುವ ಸ್ಪಾರ್ಕ್ ಪ್ಲಗ್ ಇದರಲ್ಲಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ ತನ್ನ ಹದಿನಾರನೇ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿಹಾಕುತ್ತದೆ. ಹಾಗೆ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದಕ್ಕೆ ಮಂಜಿನಂತೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹಲವು ವರ್ಷ ಒದ್ದಾಡಿ, 1897ರಲ್ಲಿ ಕೆಲಸ ಮಾಡಿ ತೋರಿಸಿದ ಎಂಜಿನ್ನಿನ ತಿರುಳು ಇದೇ. ಅವನ ಉದ್ದೇಶವೂ ಸ್ಪಷ್ಟವಾಗಿತ್ತು: ಇಂಧನದ ಶಾಖ ಹೊಗೆಯಲ್ಲಿ ಪೋಲಾಗದೆ ಆದಷ್ಟು ದುಡಿಮೆಯಾಗಿ ಬದಲಾಗಬೇಕು.

ತೊಡಕು ಇರುವುದು ಆ ಯಶಸ್ಸಿನಲ್ಲೇ. ಪೆಟ್ರೋಲ್ ಎಂಜಿನ್ ಎಷ್ಟು ಗಾಳಿ ಎಳೆದುಕೊಂಡಿತೋ ಅದಕ್ಕೆ ತಕ್ಕಷ್ಟೇ ಇಂಧನ ಬೆರೆಸುತ್ತದೆ. ಒಂದು ಕಿಲೋ ಪೆಟ್ರೋಲಿಗೆ ಹೆಚ್ಚುಕಡಿಮೆ ಹದಿನೈದು ಕಿಲೋ ಗಾಳಿ. ಡೀಸೆಲ್ಲಿಗೆ ಆ ನಿರ್ಬಂಧವಿಲ್ಲ. ಸಿಗ್ನಲ್ಲಿನಲ್ಲಿ ನಿಂತು ಗುರುಗುಡುವಾಗ ಅದು ಸಿಲಿಂಡರ್ ತುಂಬ ಗಾಳಿ ಎಳೆದುಕೊಂಡು ಹನಿಯಷ್ಟೇ ಇಂಧನ ಚಿಮುಕಿಸುತ್ತದೆ. ಬೆಂಕಿ ಚಿಕ್ಕದು, ಗಾಳಿ ಬಹಳ. ಹೊರಬರುವ ಹೊಗೆ ನೂರು-ನೂರೈವತ್ತು ಡಿಗ್ರಿ ದಾಟುವುದಿಲ್ಲ. ಸಿಲ್ಕ್ ಬೋರ್ಡಿನಿಂದ ಮಾರತ್‌ಹಳ್ಳಿಯವರೆಗೆ ತೆವಳುವ ಕಾರಿನಲ್ಲಿ ಕೂಲೆಂಟ್ ತೊಂಬತ್ತು ಡಿಗ್ರಿ ಮುಟ್ಟಿರಬಹುದು, ಆದರೆ ಸೈಲೆನ್ಸರ್ ಕೊಳವೆಯೊಳಗಿನ ಹವೆ ತಣ್ಣಗೇ ಉಳಿದಿರುತ್ತದೆ. ಮುಂದಿನ ಎಲ್ಲ ರಗಳೆ ಹುಟ್ಟುವುದು ಈ ತಣ್ಣನೆಯ ಹೊಗೆಯಿಂದ.

ಮೊದಲ ರಗಳೆ ಇಜಿಆರ್, ಅಂದರೆ ಹೊಗೆಯನ್ನು ಎಂಜಿನ್ನಿಗೇ ಮರಳಿಸುವ ವ್ಯವಸ್ಥೆ. ಸಿಲಿಂಡರಿನೊಳಗಿನ ಉರಿ ತೀರ ಬಿಸಿಯಾದರೆ ಗಾಳಿಯಲ್ಲಿರುವ ಸಾರಜನಕವೇ ಸುಟ್ಟು ವಿಷಕಾರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಉರಿಯನ್ನು ಸ್ವಲ್ಪ ತಣಿಸಲು ಎಂಜಿನ್ ತಾನೇ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಉಪಾಯ ಸೊಗಸಾಗಿದೆ, ಆದರೆ ಹೊಗೆಯ ಜೊತೆ ಮಸಿಯೂ ಬರುತ್ತದೆ. ಎಂಜಿನ್ನಿನ ತಳದಿಂದ ಏಳುವ ಎಣ್ಣೆಯ ಆವಿಯನ್ನೂ ಗಾಳಿಯ ದಾರಿಗೇ ತಿರುಗಿಸಿರುತ್ತಾರೆ. ಹೊಗೆ ತಣ್ಣಗಿದ್ದಷ್ಟೂ ಮಸಿ ಮತ್ತು ಎಣ್ಣೆ ಸೇರಿ ಇನ್‌ಟೇಕ್ ಮ್ಯಾನಿಫೋಲ್ಡಿನ ಗೋಡೆಗೆ ಡಾಂಬರಿನಂಥ ಕಿಟ್ಟ ಕಟ್ಟುತ್ತದೆ. ಬಹುಕಾಲ ಊರೊಳಗೇ ಓಡಿದ ಕಾರುಗಳಲ್ಲಿ ಗಾಳಿಯ ದಾರಿ ಅರ್ಧ ಮುಚ್ಚಿಹೋಗಿರುವುದುಂಟು. ಪಿಕಪ್ ಕಡಿಮೆಯಾಯಿತು, ಟರ್ಬೊ ಹೋಗಿರಬೇಕು ಎಂದು ಬರುವ ಗಿರಾಕಿಗೆ ಒಳ್ಳೆಯ ಮೆಕ್ಯಾನಿಕ್ ಮೊದಲು ಮ್ಯಾನಿಫೋಲ್ಡ್ ಬಿಚ್ಚಿ ತೋರಿಸುತ್ತಾನೆ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಆ ಕಿಟ್ಟ ಬಿಡಿಸುವ ಪದ್ಧತಿ ಬಿಎಂಡಬ್ಲ್ಯು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಲೋಹಕ್ಕೆ ಗೀರು ಬೀಳದಷ್ಟು ಮೆದು, ಕಿಟ್ಟ ಕೀಳುವಷ್ಟು ಗಟ್ಟಿ.

ಇಜಿಆರ್‌ನಲ್ಲಿ ಇನ್ನೂ ಗಂಭೀರವಾದ ಒಂದು ಸಂಗತಿಯಿದೆ. ಮರಳಿ ಹೋಗುವ ಹೊಗೆಯನ್ನು ತಣಿಸಲು ಒಂದು ಕೂಲರ್ ಇರುತ್ತದೆ, ಅದರೊಳಗೆ ಕೂಲೆಂಟ್ ಹರಿಯುತ್ತದೆ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಒಂದರ ಹಿಂದೊಂದು ಬೆಂಕಿ ಹತ್ತಿಕೊಂಡಾಗ ಬೆರಳು ತೋರಿದ್ದು ಈ ಕೂಲರಿನ ಕಡೆಗೆ. ಸೋರಿದ ಕೂಲೆಂಟ್ ಮಸಿಯೊಂದಿಗೆ ಬೆರೆತು ಒಣಗಿ, ಬಿಸಿ ಹೊಗೆ ತಾಗಿದಾಗ ಕೆಂಡವಾಗುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಮಟ್ಟಿಗೆ ಕೂಲರ್ ಸರಿಪಡಿಸಲು ಕಾರುಗಳನ್ನು ವಾಪಸು ಕರೆಸುವ ರೀಕಾಲನ್ನು ವಿಸ್ತರಿಸಿತು. ಹಳೆಯ 320ಡಿ ಕೊಳ್ಳುವವರು ಚಾಸಿ ನಂಬರ್ ಕೊಟ್ಟು ಆ ಕಾರಿಗೆ ಬಾಕಿ ರೀಕಾಲ್ ಇದೆಯೇ ಎಂದು ವಿಚಾರಿಸುವುದಕ್ಕೆ ದುಡ್ಡು ಬೇಕಾಗಿಲ್ಲ. ಕೂಲೆಂಟ್ ಎಲ್ಲೂ ತೊಟ್ಟಿಕ್ಕದೆಯೂ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಆ ವಿಚಾರಣೆ ಅದೇ ದಿನ ನಡೆಯಬೇಕು.

ಎರಡನೆಯದು ಮಸಿ ಹಿಡಿಯುವ ಫಿಲ್ಟರ್, ಗ್ಯಾರೇಜಿನ ಭಾಷೆಯಲ್ಲಿ ಡಿಪಿಎಫ್. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ನಿಯಮಗಳ ಡೀಸೆಲ್ ಕಾರುಗಳಿಗೆ ಇದು ತಪ್ಪಿದ್ದಲ್ಲ. ಅದಕ್ಕಿಂತ ಹಳೆಯ ಕಾರಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಚಾಸಿ ನಂಬರಿನಿಂದಲೇ ತಿಳಿದುಕೊಳ್ಳಬೇಕು. ಫಿಲ್ಟರ್ ತುಂಬಿದಾಗ ಅದರಲ್ಲಿರುವ ಮಸಿಯನ್ನು ಸುಡಬೇಕು, ಸುಡಲು ಸುಮಾರು 600 ಡಿಗ್ರಿ ಬೇಕು. ನೂರೈವತ್ತು ಡಿಗ್ರಿಯ ಹೊಗೆಯಿಂದ ಅದು ಆಗದ ಮಾತು. ಆದ್ದರಿಂದ ಎಂಜಿನ್ನಿನ ಕಂಪ್ಯೂಟರ್ ಪಿಸ್ಟನ್ ಕೆಳಗಿಳಿಯುವ ಹೊತ್ತಿನಲ್ಲಿ ಇನ್ನಷ್ಟು ಡೀಸೆಲ್ ಚಿಮುಕಿಸಿ ಹೊಗೆಯ ಕಾವು ಏರಿಸುತ್ತದೆ. ಹದಿನೈದು-ಇಪ್ಪತ್ತು ನಿಮಿಷ ಕಾರು ನಿಲ್ಲದೆ ಓಡಿದರೆ ಮಸಿ ಸುಟ್ಟು ಫಿಲ್ಟರ್ ಹಗುರಾಗುತ್ತದೆ. ಅರ್ಧದಲ್ಲಿ ಮನೆ ಬಂತೆಂದು ಕೀ ತೆಗೆದರೆ ಕೆಲಸ ಕೆಟ್ಟಿತು. ಹೀಗೆ ಪದೇ ಪದೇ ಆದರೆ ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲಿನ ಮಟ್ಟ ಇಳಿಯುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಡೀಸೆಲ್ಲಿನಲ್ಲಿ ಮಟ್ಟ ಏರಿದರೆ ಹೆಚ್ಚು ಹೆದರಬೇಕು.

ಇಲ್ಲಿ ಒಂದು ಅಗ್ಗದ ಬಿಡಿಭಾಗ ದೊಡ್ಡ ಅನಾಹುತ ಮಾಡುತ್ತದೆ: ಥರ್ಮೋಸ್ಟ್ಯಾಟ್. ಕೂಲೆಂಟನ್ನು ರೇಡಿಯೇಟರಿಗೆ ಯಾವಾಗ ಬಿಡಬೇಕೆಂದು ತೀರ್ಮಾನಿಸುವ ಈ ಬಾಗಿಲು ತೆರೆದೇ ಸಿಕ್ಕಿಕೊಂಡರೆ ಎಂಜಿನ್ ಎಪ್ಪತ್ತು ಎಪ್ಪತ್ತೈದು ಡಿಗ್ರಿಯಲ್ಲೇ ಉಳಿಯುತ್ತದೆ. ಕಾರು ಓಡುತ್ತದೆ, ಎಸಿ ಕೆಲಸ ಮಾಡುತ್ತದೆ, ಯಾವ ದೀಪವೂ ಹತ್ತದಿರಬಹುದು. ಆದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ನಂಬಿದ ಕಂಪ್ಯೂಟರ್ ಫಿಲ್ಟರ್ ಸುಡುವ ಕೆಲಸಕ್ಕೆ ಕೈಹಾಕುವುದೇ ಇಲ್ಲ. ಎಫ್30ರ ಡ್ಯಾಶ್‌ಬೋರ್ಡಿನಲ್ಲಿ ಕೂಲೆಂಟಿನ ಬಿಸಿ ತೋರಿಸುವ ಮುಳ್ಳು ಇಲ್ಲ. ಕಂಪನಿ ಅದನ್ನು ತೆಗೆದದ್ದು ಯಾವ ಪುರುಷಾರ್ಥಕ್ಕೋ. ಮೊಬೈಲಿಗೆ ಜೋಡಿಸುವ ಒಂದು ಓಬಿಡಿ ಸ್ಕ್ಯಾನರ್ ಕೊಂಡುಕೊಂಡರೆ ಆ ಕಣ್ಣು ಮರಳಿ ಬರುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೂ ಎಂಬತ್ತೈದು ಮುಟ್ಟದಿದ್ದರೆ ಫಿಲ್ಟರಿನ ಮಾತು ಎತ್ತುವ ಮೊದಲು ಥರ್ಮೋಸ್ಟ್ಯಾಟ್ ಬದಲಿಸಿ. ವಾರಕ್ಕೊಮ್ಮೆ ಬೆಂಗಳೂರಿನಿಂದ ತುಮಕೂರಿನ ಕಡೆಗೋ ಕೋಲಾರದ ಕಡೆಗೋ ಒಂದು ಸುತ್ತು, ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ, ಡೀಸೆಲ್ ಕಾರಿಗೆ ನಿಜವಾದ ಔಷಧ. ಇಷ್ಟೂ ಓಡಿಸುವ ಅವಕಾಶ ಇಲ್ಲದವರು ಪೆಟ್ರೋಲ್ ಕಾರು ಕೊಳ್ಳುವುದು ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವು ಗ್ಯಾರೇಜುಗಳಲ್ಲಿ ಇನ್ನೊಂದು ಸಲಹೆ ಸಿಗುತ್ತದೆ. ಇಜಿಆರ್ ಮುಚ್ಚಿಬಿಡೋಣ, ಡಿಪಿಎಫ್ ಟೊಳ್ಳು ಮಾಡಿಬಿಡೋಣ, ಸಾಫ್ಟ್‌ವೇರಿನಲ್ಲಿ ಸರಿಮಾಡೋಣ ಅಂತ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನು ಒಪ್ಪುವುದಿಲ್ಲ ಎಂಬುದು ಒಂದು ಕಡೆ ಇರಲಿ. ಹಿಂದೆ ಬರುವ ಸ್ಕೂಟರಿನವರ ಎದೆಗೂಡನ್ನೇ ಫಿಲ್ಟರ್ ಮಾಡಿಕೊಳ್ಳುವ ಈ ಉಪಾಯ ನನಗಂತೂ ಹಿಡಿಸುವುದಿಲ್ಲ.

ಮಸಿಯ ಒಂದು ಪಾಲು ಆಯಿಲಿಗೂ ಸೇರುತ್ತದೆ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಮರುದಿನವೇ ಕಪ್ಪಾಗಿ ಕಾಣುವುದು ಅದಕ್ಕೇ, ಅದರಲ್ಲಿ ಗಾಬರಿಪಡುವಂಥದ್ದಿಲ್ಲ. ಆದರೆ ಮಸಿ ಹೆಚ್ಚಾದಷ್ಟೂ ಆಯಿಲ್ ಸಾಣೆಕಲ್ಲಿನ ಗುಣ ಪಡೆಯುತ್ತದೆ. ಟೈಮಿಂಗ್ ಚೈನಿನ ಪಿನ್ನುಗಳು ಸವೆಯುತ್ತವೆ, ಚೈನ್ ಉದ್ದವಾಗುತ್ತದೆ. 320ಡಿಯ ಮಟ್ಟಿಗೆ ಇದು ಬರಿಯ ಸಿದ್ಧಾಂತವಲ್ಲ. ‘ಎನ್47’ ಎಂಬ ಎಂಜಿನ್ನಿನಲ್ಲಿ, ಅದರಲ್ಲೂ 2007ರಿಂದ 2011ರ ನಡುವೆ ತಯಾರಾದವುಗಳಲ್ಲಿ, ಚೈನ್ ಸವೆದು ತುಂಡಾಗುವ ದೂರು ಯುರೋಪಿನಲ್ಲೆಲ್ಲ ಹಬ್ಬಿತ್ತು. ಚೈನ್ ಇರುವುದು ಎಂಜಿನ್ನಿನ ಮುಂಭಾಗದಲ್ಲಲ್ಲ, ಗೇರ್‌ಬಾಕ್ಸಿನ ಕಡೆಗೆ, ಹಿಂಭಾಗದಲ್ಲಿ. ಬದಲಿಸಬೇಕಾದರೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಬೇಕು. ಕೂಲಿಯೇ ಬಿಡಿಭಾಗದ ಬೆಲೆಯನ್ನು ನಾಚಿಸುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ತೆರೆದು, ಡ್ಯಾಶ್‌ಬೋರ್ಡಿನ ಗೋಡೆಯ ಕಡೆಯಿಂದ ಲೋಹ ಕೆರೆಯುವ ಸದ್ದು ಬರುತ್ತಿದೆಯೇ ಎಂದು ಕಿವಿಗೊಡುವುದು ಬಿಟ್ಟಿ ಪರೀಕ್ಷೆ. ಸದ್ದು ಬಂದರೆ ಚೌಕಾಸಿ ಬೇಡ, ಎದ್ದು ಬನ್ನಿ.

ಯುರೋಪಿನ ಕೈಪಿಡಿಗಳು ಆಯಿಲ್ ಬದಲಾವಣೆಗೆ ಇಪ್ಪತ್ತೈದು ಸಾವಿರ ಕಿಲೋಮೀಟರುಗಳಷ್ಟು ಅವಧಿ ಕೊಟ್ಟದ್ದುಂಟು. ಆ ಲೆಕ್ಕ ಆಟೋಬಾನಿನ ಮೇಲೆ ಒಂದೇ ಸಮನೆ ಓಡುವ ಕಾರಿನದು. ನಮ್ಮಲ್ಲಿ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಸುಮಾರು ಐದು ಲೀಟರ್ ಹಿಡಿಯುತ್ತದೆ, ಡಬ್ಬದ ಮೇಲೆ ‘ಲಾಂಗ್‌ಲೈಫ್-04’ ಎಂಬ ಬಿಎಂಡಬ್ಲ್ಯು ಒಪ್ಪಿಗೆ ಇರಬೇಕು. ಈ ಬಗೆಯ ಆಯಿಲ್ ಸುಟ್ಟಾಗ ಬೂದಿ ಕಡಿಮೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ಅದು ಫಿಲ್ಟರಿನ ರಂಧ್ರಗಳಲ್ಲಿ ಕಾಯಂ ಆಗಿ ಕೂರುತ್ತದೆ.

ಓಡಿದ ಕಿಲೋಮೀಟರಿಗಿಂತ ಎಲ್ಲಿ ಓಡಿತು ಎಂಬುದು ಹೆಚ್ಚು ಮುಖ್ಯ ಎಂದು ಇಷ್ಟರಲ್ಲಿ ಹೊಳೆದಿರಬೇಕು. ನಲವತ್ತು ಸಾವಿರ ಓಡಿದ ಊರೊಳಗಿನ ಡೀಸೆಲ್ಲಿಗಿಂತ ಒಂದು ಲಕ್ಷ ಓಡಿದ ಹೆದ್ದಾರಿಯ ಡೀಸೆಲ್ ಆರೋಗ್ಯವಾಗಿರುವ ಸಾಧ್ಯತೆ ಹೆಚ್ಚು. ಮೀಟರ್ ಹಿಂದಕ್ಕೆ ತಿರುಗಿಸುವವರಿಗೆ ಈ ವಿಜ್ಞಾನ ತಿಳಿಯದು. ದೆಹಲಿಯಿಂದ ಬಂದ ಕಾರುಗಳ ಬಗ್ಗೆಯೂ ಒಂದು ಮಾತು. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ರಾಜಧಾನಿ ವಲಯದಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಅಲ್ಲಿನ ಡೀಸೆಲ್ ಕಾರುಗಳು ಅಗ್ಗದ ಬೆಲೆಗೆ ಬೇರೆ ರಾಜ್ಯಗಳ ದಾರಿ ಹಿಡಿದವು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಇಲ್ಲಿ ಕಟ್ಟಬೇಕಾದ ರಸ್ತೆ ತೆರಿಗೆಯನ್ನು ಕೂಡಿಸಿ ನೋಡಿದರೆ ಅಗ್ಗ ಅಷ್ಟೇನೂ ಅಗ್ಗವಾಗಿ ಉಳಿಯುವುದಿಲ್ಲ.

ಇಂಧನದ ಕಡೆ ಒಂದೇ ಎಚ್ಚರ ಸಾಕು. ಇಂಜೆಕ್ಟರಿಗೆ ಹೋಗುವ ಡೀಸೆಲ್ 1,600 ಬಾರ್‌ಗೂ ಮೀರಿದ ಒತ್ತಡದಲ್ಲಿರುತ್ತದೆ, ಆ ಪಂಪಿಗೆ ಬೇರೆ ಎಣ್ಣೆಯಿಲ್ಲ, ಡೀಸೆಲ್ಲೇ ಅದರ ಎಣ್ಣೆ. ನೀರು ಬೆರೆತರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಜನ ಹೆಚ್ಚು ಬರುವ ಬಂಕಿನಲ್ಲಿ ತುಂಬಿಸಿ, ಡೀಸೆಲ್ ಸೋಸುವ ಫಿಲ್ಟರನ್ನು ಕಾಲಕ್ಕೆ ಸರಿಯಾಗಿ ಬದಲಿಸಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ‘ಜೀವಮಾನಕ್ಕೆ ಸಾಕು’ ಎಂದು ಕಾರು ಕಂಪನಿ ಹೇಳುತ್ತದೆ. ಅದೇ ಎಂಟು ಗೇರಿನ ಪೆಟ್ಟಿಗೆಯನ್ನು ತಯಾರಿಸುವ ಜೆಡ್‌ಎಫ್ ಕಂಪನಿ ಎಂಬತ್ತು ಸಾವಿರದಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರಿನ ನಡುವೆ ಬದಲಿಸಿ ಎನ್ನುತ್ತದೆ. ಯಾರ ಜೀವಮಾನ ಎಂದು ಮೊದಲನೆಯವರು ಸ್ಪಷ್ಟಪಡಿಸಿಲ್ಲ, ಆದ್ದರಿಂದ ಎರಡನೆಯವರ ಮಾತು ಕೇಳುವುದು ಕ್ಷೇಮ.

ಇನ್ನು ಟಯರಿನ ಕಡೆಗೆ. ಎಂಜಿನ್ನಿಗೂ ಟಯರಿಗೂ ಇರುವ ಕೊಂಡಿ ಟಾರ್ಕ್. ಎಫ್30ರ ಮೊದಲ 320ಡಿ 1,750 ಆರ್‌ಪಿಎಂನಲ್ಲೇ 380 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತದೆ. ಮೊದಲ ಗೇರಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಸೇರಿ ಅದನ್ನು ಹನ್ನೆರಡು ಪಟ್ಟಿಗೂ ಹೆಚ್ಚು ಮಾಡುತ್ತವೆ. ಚಕ್ರದ ತ್ರಿಜ್ಯ ಸುಮಾರು 33 ಸೆಂಟಿಮೀಟರ್. ಭಾಗಿಸಿ ನೋಡಿದರೆ ರಸ್ತೆಯನ್ನು ಹಿಂದಕ್ಕೆ ತಳ್ಳುವ ಬಲ 1,400 ಕಿಲೋ ತೂಕಕ್ಕೆ ಹತ್ತಿರ. ಹಿಂದಿನ ಎರಡು ಟಯರುಗಳ ಮೇಲೆ ಕೂತಿರುವ ಭಾರ ಮಾತ್ರ ಎಂಟುನೂರು ಕಿಲೋ ಆಸುಪಾಸು. ಒಣ ರಸ್ತೆಯಲ್ಲಿ ರಬ್ಬರಿನ ಹಿಡಿತ ಹೆಚ್ಚೆಂದರೆ ಅದರ ಮೇಲಿನ ಭಾರದಷ್ಟೇ, ಒದ್ದೆ ರಸ್ತೆಯಲ್ಲಿ ಇನ್ನೂ ಕಡಿಮೆ. ಎಂದರೆ ಈ ಕಾರು ಮೊದಲ ಗೇರಿನಲ್ಲಿ ಪೂರ್ತಿ ದಮ್ಮು ಕಟ್ಟಿದರೆ ಟಯರ್ ಜಾರಲೇಬೇಕು. ಜಾರದಂತೆ ತಡೆಯುವುದು ಟ್ರ್ಯಾಕ್ಷನ್ ಕಂಟ್ರೋಲ್. ಪೆಟ್ರೋಲ್ ಕಾರಿಗೆ ಸಾಕಾಗುವ ಅಗ್ಗದ ಟಯರ್ ಈ ಡೀಸೆಲ್ಲಿನ ಹಿಂಬದಿಯಲ್ಲಿ ಬೇಗ ಸವೆಯುವುದಕ್ಕೂ ಇದೇ ಕಾರಣ.

ನೆಲಕ್ಕೆ ತಾಗುವ ಭಾಗವಾದರೂ ಎಷ್ಟು? ಕಾರು ಮತ್ತು ಇಬ್ಬರು ಪ್ರಯಾಣಿಕರು ಸೇರಿ 1,650 ಕಿಲೋ ಎಂದಿಟ್ಟುಕೊಂಡರೆ ಒಂದು ಚಕ್ರದ ಪಾಲು ನಾನೂರರ ಮೇಲೆ. ಒಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ ಹೊರುತ್ತದೆ. ಭಾಗಿಸಿದರೆ ಬರುವುದು 180 ಚದರ ಸೆಂಟಿಮೀಟರ್ ಚಿಲ್ಲರೆ, ಬೆರಳು ಬಿಡಿಸಿ ನೆಲಕ್ಕೆ ಊರಿದ ಒಂದು ಹಸ್ತದಷ್ಟು. ಅಗಲವಾದ ಟಯರ್ ಹಾಕಿದರೆ ಈ ವಿಸ್ತೀರ್ಣ ಹೆಚ್ಚೇನೂ ಬದಲಾಗದು, ಆಕಾರ ಮಾತ್ರ ಅಡ್ಡಕ್ಕೆ ಹಿಗ್ಗುತ್ತದೆ. ವಿಸ್ತೀರ್ಣವನ್ನು ತೀರ್ಮಾನಿಸುವುದು ಮುಖ್ಯವಾಗಿ ಗಾಳಿಯ ಒತ್ತಡ.

ಆ ಹಸ್ತದಷ್ಟು ರಬ್ಬರ್ ಹಿಡಿತ ಸಂಪಾದಿಸುವ ಬಗೆ ಸ್ವಾರಸ್ಯಕರ. ರಬ್ಬರ್ ಪೂರ್ತಿ ಸ್ಪ್ರಿಂಗ್ ಅಲ್ಲ. ಒತ್ತಿದಾಗ ಪಡೆದ ಶಕ್ತಿಯನ್ನು ಬಿಟ್ಟಾಗ ಪೂರ್ತಿ ವಾಪಸು ಕೊಡುವುದಿಲ್ಲ, ಒಂದು ಪಾಲನ್ನು ಶಾಖವಾಗಿ ನುಂಗಿಕೊಳ್ಳುತ್ತದೆ. ರಸ್ತೆಯ ಜಲ್ಲಿಯ ಮೊನೆಗಳ ಮೇಲೆ ಜಾರುವಾಗ ಹೀಗೆ ನುಂಗಿದ ಶಕ್ತಿಯೇ ಘರ್ಷಣೆ. 1963ರಲ್ಲಿ ಕೆ. ಎ. ಗ್ರಾಶ್ ಎಂಬ ವಿಜ್ಞಾನಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ರಬ್ಬರಿನ ಘರ್ಷಣೆಗೂ ಅದರ ಈ ನುಂಗುವ ಗುಣಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟ. ಹಾಗಾದರೆ ಹೆಚ್ಚು ನುಂಗುವ ರಬ್ಬರ್ ಬಳಸಿದರಾಯಿತಲ್ಲ? ಆಗದು. ಚಕ್ರ ಸುಮ್ಮನೆ ಉರುಳುವಾಗಲೂ ಟಯರ್ ಪ್ರತಿ ಸುತ್ತಿಗೊಮ್ಮೆ ನೆಲದ ಬಳಿ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಆಗ ನುಂಗಿದ ಶಕ್ತಿ ಶುದ್ಧ ನಷ್ಟ: ಮೈಲೇಜ್ ಹೋಗುತ್ತದೆ, ಟಯರ್ ಕಾಯುತ್ತದೆ. ಕಾರಿನ ಇಂಧನದಲ್ಲಿ ಸುಮಾರು ಐದನೇ ಒಂದು ಪಾಲು ಈ ಉರುಳುವ ತಡೆಗೇ ಖರ್ಚಾಗುತ್ತದೆ.

ಬ್ರೇಕಿಗೆ ಬೇಕಾದ ನಷ್ಟ, ಮೈಲೇಜಿಗೆ ಬೇಡವಾದ ನಷ್ಟ, ಎರಡೂ ಒಂದೇ ರಬ್ಬರಿನಲ್ಲಿ. ಬಿಡಿಸುವ ದಾರಿ ಸಿಕ್ಕಿದ್ದು ವೇಗದ ವ್ಯತ್ಯಾಸದಲ್ಲಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಈ ಕಾರಿನ ಚಕ್ರ ಸೆಕೆಂಡಿಗೆ ಹನ್ನೊಂದು ಸಲ ಸುತ್ತುತ್ತದೆ, ಅಂದರೆ ಉರುಳುವಾಗಿನ ಬಾಗುವಿಕೆ ಸೆಕೆಂಡಿಗೆ ಹನ್ನೊಂದು ಸಲ. ಬ್ರೇಕ್ ಒತ್ತಿ ಜಾರುವಾಗ ಜಲ್ಲಿಯ ಸಣ್ಣ ಮೊನೆಗಳು ರಬ್ಬರನ್ನು ಸೆಕೆಂಡಿಗೆ ಸಾವಿರದಿಂದ ಹತ್ತು ಲಕ್ಷ ಸಲ ಚುಚ್ಚುತ್ತವೆ. ನಿಧಾನದ ಬಾಗುವಿಕೆಗೆ ಸ್ಪ್ರಿಂಗಿನಂತೆಯೂ ವೇಗದ ಚುಚ್ಚುವಿಕೆಗೆ ಜಿಗುಟಾಗಿಯೂ ವರ್ತಿಸುವ ರಬ್ಬರ್ ಬೇಕು. ಮಿಶೆಲಿನ್ ಕಂಪನಿ 1992ರಲ್ಲಿ ಕಾಡಿಗೆಯಂಥ ಕಾರ್ಬನ್ ಬ್ಲ್ಯಾಕಿನ ದೊಡ್ಡ ಪಾಲನ್ನು ತೆಗೆದು ಸಿಲಿಕಾ ಬೆರೆಸಿ ಅಂಥ ಟಯರನ್ನು ಮಾರುಕಟ್ಟೆಗೆ ತಂದಿತು. ಮರಳಿನ ಸಂಬಂಧಿಯಾದ ಸಿಲಿಕಾವನ್ನು ಈಗ ಗುಡ್‌ಇಯರ್ ಕಂಪನಿ ಭತ್ತದ ಹೊಟ್ಟಿನ ಬೂದಿಯಿಂದಲೂ ತೆಗೆದು ಬಳಸುತ್ತಿದೆ. ಆದ್ದರಿಂದ ‘ಮೈಲೇಜ್ ಟಯರ್ ಎಂದರೆ ಹಿಡಿತ ಇಲ್ಲದ ಟಯರ್’ ಎಂಬ ಅಂಗಡಿಯ ಮಾತು ಇವತ್ತಿಗೆ ಪೂರ್ತಿ ನಿಜವಲ್ಲ. ಯುರೋಪಿನ ಲೇಬಲ್ ಅಂಟಿಸಿದ ಟಯರಾದರೆ ಮೊದಲು ಒದ್ದೆ ರಸ್ತೆಯ ಹಿಡಿತದ ಅಕ್ಷರ ನೋಡಿ, ಇಂಧನದ ಅಕ್ಷರ ಆಮೇಲೆ.

ಟಯರಿನ ಪಕ್ಕದ ಗೋಡೆಯ ಮೇಲಿನ ಬರಹವೂ ಹೆಚ್ಚಾಗಿ ಶಾಖದ ಭಾಷೆಯೇ. 225/50 ಆರ್17 94 ಡಬ್ಲ್ಯು ಎಂದಿದ್ದರೆ ಅಗಲ 225 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 50, ರಿಮ್ಮು 17 ಇಂಚು, ಹೊರಬಲ್ಲ ಭಾರ 670 ಕಿಲೋ, ತಾಳಬಲ್ಲ ವೇಗ ಗಂಟೆಗೆ 270 ಕಿಲೋಮೀಟರ್. ಅಷ್ಟು ವೇಗ ನಮಗೇಕೆ ಎಂದು ಕೇಳಬಹುದು. ಆ ಅಕ್ಷರ ನಿಜವಾಗಿ ಹೇಳುವುದು ಟಯರ್ ತನ್ನೊಳಗೆ ಹುಟ್ಟುವ ಕಾವನ್ನು ಎಷ್ಟರಮಟ್ಟಿಗೆ ಸಹಿಸಬಲ್ಲದು ಎಂಬುದನ್ನು. ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ರಸ್ತೆಯಲ್ಲಿ, ಡಿಕ್ಕಿ ತುಂಬ ಸಾಮಾನಿಟ್ಟುಕೊಂಡು ಹೋಗುವಾಗ ಆ ಸಹನೆ ಕೆಲಸಕ್ಕೆ ಬರುತ್ತದೆ. ಅಮೆರಿಕದ ಪದ್ಧತಿಯಂತೆ ಹಲವು ಟಯರುಗಳ ಮೇಲೆ ‘ಟೆಂಪರೇಚರ್’ ಎಂದು ಬರೆದು ಎ, ಬಿ, ಸಿ ಎಂಬ ದರ್ಜೆಯನ್ನೂ ಕೊಟ್ಟಿರುತ್ತಾರೆ. ಈ ಕಾರಿಗೆ ಎ ದರ್ಜೆಗಿಂತ ಕೆಳಗಿನದು ಬೇಡ.

ಗಾತ್ರದ ವಿಷಯದಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ಇದೇ ಕಾರಿಗೆ 16, 17, 18 ಇಂಚಿನ ರಿಮ್ಮುಗಳಿವೆ, ಹೊರವ್ಯಾಸ ಮೂರಕ್ಕೂ 655 ಮಿಲಿಮೀಟರಿನ ಆಸುಪಾಸು. ಬದಲಾಗುವುದು ಗೋಡೆಯ ಎತ್ತರ: 205/60ರಲ್ಲಿ 123 ಮಿಲಿಮೀಟರ್, 225/50ರಲ್ಲಿ 112, 225/45ರಲ್ಲಿ 101. ಹದಿನೆಂಟು ಇಂಚಿನದು ಚೆಂದ ಕಾಣುತ್ತದೆ, ನಿಜ. ಆದರೆ ಗುಂಡಿಗೆ ಬಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಗೋಡೆ ಸಿಕ್ಕಿ ಒಳಗಿನ ನೂಲುಗಳು ತುಂಡಾಗುತ್ತವೆ, ಟಯರಿನ ಮಗ್ಗುಲಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಗೆ ರಿಪೇರಿ ಇಲ್ಲ. ಹದಿನೇಳು ಸಾಕು. ಸಕಲೇಶಪುರದ ಕಡೆ ಮನೆಯಿದ್ದರೆ ಹದಿನಾರಕ್ಕೂ ನಾಚಿಕೆಪಡಬೇಕಿಲ್ಲ.

ಈ ಕಾರಿಗೆ ಕಂಪನಿ ಹಾಕಿಕೊಟ್ಟದ್ದು ರನ್‌ಫ್ಲ್ಯಾಟ್ ಟಯರು. ಗಾಳಿ ಪೂರ್ತಿ ಹೋದರೂ ದಪ್ಪ ಗೋಡೆಯ ಮೇಲೆಯೇ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 80 ಕಿಲೋಮೀಟರ್ ದೂರ ಹೋಗಬಹುದು. ರಾತ್ರಿ ಹೊತ್ತು ಶಿರಾಡಿ ಘಾಟಿಯಲ್ಲಿ ಪಂಕ್ಚರಾದವರಿಗೆ ಇದರ ಬೆಲೆ ಗೊತ್ತು. ಬದಲಿಗೆ ಸವಾರಿ ಒರಟು, ಟಯರ್ ದುಬಾರಿ, ಬಹಳಷ್ಟು ಊರುಗಳಲ್ಲಿ ತಕ್ಷಣ ಸಿಗುವುದಿಲ್ಲ. ಸಾಮಾನ್ಯ ಟಯರಿಗೆ ಬದಲಾಯಿಸುವವರು ನಾಲ್ಕನ್ನೂ ಬದಲಾಯಿಸಿ, ಸ್ಟೆಪ್ನಿ ಇಲ್ಲವೇ ಪಂಕ್ಚರ್ ಕಿಟ್ಟು ಮತ್ತು ಗಾಳಿ ಪಂಪನ್ನು ಜೊತೆಗಿಟ್ಟುಕೊಳ್ಳಬೇಕು. ಎರಡು ರನ್‌ಫ್ಲ್ಯಾಟ್ ಎರಡು ಸಾಮಾನ್ಯ ಎಂಬ ಮಿಶ್ರಣ ಬೇಡ. ಗೋಡೆಗಳ ಬಿಗಿತ ಬೇರೆಯಾದರೆ ತಿರುವಿನಲ್ಲಿ ಕಾರಿನ ಎರಡು ತುದಿಗಳು ಬೇರೆ ಬೇರೆಯಾಗಿ ವರ್ತಿಸುತ್ತವೆ.

ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕಂಕಿ ಓದಿ. 2324 ಎಂದರೆ 2024ರ ಇಪ್ಪತ್ತಮೂರನೇ ವಾರ ತಯಾರಾದದ್ದು. ರಬ್ಬರ್ ಓಡದೆಯೂ ಮುದಿಯಾಗುತ್ತದೆ. ಆಮ್ಲಜನಕ ಅದರೊಳಗೆ ಇಳಿದು ಕೊಂಡಿಗಳನ್ನು ಗಡಸಾಗಿಸುತ್ತದೆ, ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಆ ವೇಗ ಅಂದಾಜು ಇಮ್ಮಡಿ. ಇದನ್ನು ತಡೆಯಲು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ನಿಧಾನವಾಗಿ ಮೇಲ್ಮೈಗೆ ಬಂದು ಓಝೋನನ್ನು ಎದುರಿಸುತ್ತದೆ. ಹಳೆಯ ಟಯರಿನ ಗೋಡೆ ಕಂದುಬಣ್ಣಕ್ಕೆ ತಿರುಗುವುದು ಅದರಿಂದಲೇ. ಅಮೆರಿಕದ ಸಿಯಾಟಲ್ ಸುತ್ತಿನ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ಕಾರಣ ಈ ರಾಸಾಯನಿಕ ಓಝೋನಿನೊಂದಿಗೆ ಸೇರಿ ಆಗುವ ಇನ್ನೊಂದು ವಸ್ತು ಎಂದು 2020ರಲ್ಲಿ ಪತ್ತೆಯಾಯಿತು. ಬದಲಿ ಇನ್ನೂ ಹುಡುಕಾಟದಲ್ಲಿದೆ. ಟಯರ್ ಸವೆದಾಗ ಆ ಪುಡಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಅದು ಒಂದು ಉತ್ತರ.

ಗಾಳಿಯ ಒತ್ತಡ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವಷ್ಟು, ಟಯರ್ ತಣ್ಣಗಿರುವಾಗ. ಹತ್ತು ಡಿಗ್ರಿ ಬಿಸಿ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಓಡಿ ಬಂದ ಟಯರಿನಲ್ಲಿ ಒತ್ತಡ ಹೆಚ್ಚಿದೆಯೆಂದು ಗಾಳಿ ಬಿಟ್ಟರೆ ಅದು ಬೆಳಗಾಗುವಷ್ಟರಲ್ಲಿ ಕಡಿಮೆ ಗಾಳಿಯ ಟಯರಾಗುತ್ತದೆ, ಹೆಚ್ಚು ಬಾಗುತ್ತದೆ, ಇನ್ನೂ ಹೆಚ್ಚು ಕಾಯುತ್ತದೆ. ಬೆಂಗಳೂರಿನಲ್ಲಿ ತುಂಬಿಸಿ ಮಂಗಳೂರಿಗೆ ಇಳಿದರೆ ಇನ್ನೊಂದು ತಮಾಷೆ. ಒಂಬೈನೂರು ಮೀಟರ್ ಇಳಿದಾಗ ಹೊರಗಿನ ವಾತಾವರಣದ ಒತ್ತಡ ಹೆಚ್ಚಿ ಮೀಟರಿನ ಓದು ಒಂದೂವರೆ ಪಿಎಸ್‌ಐ ಇಳಿಯುತ್ತದೆ, ಕರಾವಳಿಯ ಸೆಖೆ ಅದರಲ್ಲಿ ಒಂದರಷ್ಟನ್ನು ಮರಳಿ ಏರಿಸುತ್ತದೆ. ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ, ಸುಮ್ಮನಿದ್ದುಬಿಡಿ. ನೈಟ್ರೋಜನ್ ತುಂಬಿಸಿದರೆ ಇದೆಲ್ಲ ಆಗುವುದಿಲ್ಲ ಎನ್ನುವವರಿಗೆ ಗಾಳಿಯಲ್ಲಿ ಈಗಾಗಲೇ ಶೇಕಡಾ 78 ನೈಟ್ರೋಜನ್ ಇದೆ ಎಂದು ನೆನಪಿಸಬಹುದು.

ಮಳೆಗಾಲದಲ್ಲಿ ಒತ್ತಡಕ್ಕೆ ಇನ್ನೊಂದು ಕೆಲಸವಿದೆ. ಅಮೆರಿಕದ ನಾಸಾದ ಲ್ಯಾಂಗ್ಲಿ ಕೇಂದ್ರದಲ್ಲಿ ವಾಲ್ಟರ್ ಹಾರ್ನ್ ವಿಮಾನದ ಟಯರುಗಳನ್ನು ಪರೀಕ್ಷಿಸಿ, ಟಯರ್ ನೀರಿನ ಮೇಲೆ ತೇಲಲು ಶುರುವಾಗುವ ವೇಗ ಒತ್ತಡದ ವರ್ಗಮೂಲವನ್ನು ಅವಲಂಬಿಸುತ್ತದೆ ಎಂದು ತೋರಿಸಿದ. ನಮ್ಮ ಅಳತೆಯಲ್ಲಿ ಪಿಎಸ್‌ಐನ ವರ್ಗಮೂಲಕ್ಕೆ 16.7ರಿಂದ ಗುಣಿಸಿ. 32 ಪಿಎಸ್‌ಐಗೆ ಗಂಟೆಗೆ ಸುಮಾರು 94 ಕಿಲೋಮೀಟರ್, 24ಕ್ಕೆ 82. ಗಾಳಿ ಕಡಿಮೆಯಿದ್ದರೆ ಮಳೆಯಲ್ಲಿ ಹಿಡಿತ ಹೆಚ್ಚು ಎಂಬ ನಂಬಿಕೆ ಎಷ್ಟು ತಲೆಕೆಳಗು ನೋಡಿ. ಈ ಸೂತ್ರ ಟ್ರೆಡ್ಡಿನ ಗೀರುಗಳು ಸೋತ ಮೇಲಿನ ಸ್ಥಿತಿಯದು. ಗೀರುಗಳು ಆಳವಾಗಿದ್ದಷ್ಟು ಹೊತ್ತು ನೀರಿಗೆ ಹೋಗಲು ದಾರಿಯಿದೆ. 80 ಕಿಲೋಮೀಟರ್ ವೇಗದಲ್ಲಿ, ರಸ್ತೆಯ ಮೇಲೆ ಎರಡೇ ಮಿಲಿಮೀಟರ್ ನೀರಿದ್ದರೂ ಒಂದು ಟಯರ್ ಸೆಕೆಂಡಿಗೆ ಒಂಬತ್ತು ಲೀಟರಿನಷ್ಟು ನೀರನ್ನು ದಾರಿಯಿಂದ ಸರಿಸಬೇಕು. ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾನೂನು ಬಿಡುತ್ತದೆ. ಜೂನ್ ಬರುವ ಮೊದಲು ಮೂರಕ್ಕಿಂತ ಕಡಿಮೆ ಉಳಿದಿದ್ದರೆ ನಾನು ಬದಲಿಸುತ್ತೇನೆ.

ನಾಲ್ಕಕ್ಕೂ ದುಡ್ಡಿಲ್ಲದೆ ಎರಡನ್ನೇ ಕೊಂಡರೆ ಹೊಸವು ಹಿಂದಕ್ಕೆ. ಸ್ಟಿಯರಿಂಗ್ ಇರುವ ಕಡೆಗೆ ಒಳ್ಳೆಯ ಟಯರ್ ಎಂದು ವಾದಿಸುವವರು ಪ್ರತಿ ಅಂಗಡಿಯಲ್ಲೂ ಇದ್ದಾರೆ. ನೀರಿನಲ್ಲಿ ಮುಂದಿನ ಚಕ್ರ ತೇಲಿದರೆ ಕಾರು ನೇರಕ್ಕೆ ಹೋಗುತ್ತದೆ, ಕಾಲು ಎತ್ತಿದರೆ ಮರಳಿ ಹಿಡಿತಕ್ಕೆ ಬರುತ್ತದೆ. ಹಿಂದಿನದು ತೇಲಿದರೆ ಕಾರು ಗಿರಕಿ ಹೊಡೆಯುತ್ತದೆ, ಅದರಲ್ಲೂ ಹಿಂಚಕ್ರಕ್ಕೇ 380 ನ್ಯೂಟನ್ ಮೀಟರ್ ಹೋಗುವ ಕಾರು. ಈ ಹಿಂಚಕ್ರಗಳು ಮೇಲ್ತುದಿಯಲ್ಲಿ ತುಸು ಒಳಕ್ಕೆ ವಾಲಿರುತ್ತವೆ, ಆದ್ದರಿಂದ ಟಯರಿನ ಒಳ ಅಂಚು ಮೊದಲು ಸವೆಯುತ್ತದೆ. ಹೊರಗಿನಿಂದ ನೋಡಿದರೆ ಟ್ರೆಡ್ ಚೆನ್ನಾಗಿಯೇ ಕಾಣುತ್ತದೆ, ಒಳಗಡೆ ನೂಲು ಹೊರಬಿದ್ದಿರುತ್ತದೆ. ಮುಂದಿನ ಟಯರಿನ ಒಳ ಅಂಚನ್ನು ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಂತಲ್ಲೇ ನೋಡಬಹುದು. ಹಿಂದಿನದಕ್ಕೆ ಅಲೈನ್‌ಮೆಂಟ್ ಅಂಗಡಿಯವರನ್ನು ಕೇಳಿ ಕಾರನ್ನು ಮೇಲೆತ್ತಿಸಿಯೇ ನೋಡಬೇಕು.